ಕೌಂಟೆಸ್ಸಮ್ಮನ ಮೀಸೆ

ಇದನ್ನು ಬರೆಯಬೇಕೆಂದು ಕುಳಿತು, ಬರೆಯದೆ ಎದ್ದುಹೋದದ್ದು ಎಷ್ಟು ಸಲವೋ ನನಗೇ ನೆನಪಿಲ್ಲ. ಒಮ್ಮೆ ಪೆನ್ನಿನಲ್ಲಿ ಶಾಯಿ ಇಲ್ಲವೆಂದು ಎದ್ದೆ. ಇನ್ನೊಮ್ಮೆ ಶಾಯಿ ಇತ್ತು, ಕನ್ನಡಕ ಸಿಗಲಿಲ್ಲ. ಅದು ನನ್ನ ಹಣೆಯ ಮೇಲೇ ಇದೆಯೆಂದು ಮನೆಯವಳು ತೋರಿಸಿದಾಗ, ಇವತ್ತು ಗಳಿಗೆ ಚೆನ್ನಾಗಿಲ್ಲವೆಂದು ಎದ್ದೆ. ಈಗ ಮನೆಯವಳೂ ಇಲ್ಲ, ನೆಪಗಳೂ ಮುಗಿದಿವೆ. ನಾನು ಹೈಸ್ಕೂಲಿನವರೆಗೆ ಮಾತ್ರ ಓದಿದವನು. ಆದರೂ ಮಾಡಿದ ತಪ್ಪನ್ನು ತಪ್ಪು ಎಂದು ಬರೆಯಲು ಅಷ್ಟು ಓದು ಸಾಕು. ನನ್ನ ತಪ್ಪು ಒಂದು ಮೀಸೆಗೆ ಸಂಬಂಧಿಸಿದ್ದು. ಆ ಮೀಸೆ ಇಂಗ್ಲೆಂಡಿನ ರಾಜವಂಶದ ಒಬ್ಬ ಮುದುಕಿಯದು ಎಂದರೆ ನೀವು ನಗುತ್ತೀರಿ. ನಗಿ. ನಾನೂ ನಗುತ್ತಲೇ ಶುರುಮಾಡುತ್ತೇನೆ.

ಆಗ ಯುರೋಪಿನಲ್ಲಿ ಯುದ್ಧ ನಡೆಯುತ್ತಿತ್ತು, ಹೊನ್ನಾಳಿಯಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ನಾನು ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿಯುವ ಕೆಲಸದಲ್ಲಿದ್ದೆ. ಊರಿನಲ್ಲಿ ನಮ್ಮದೊಂದು ನಾಟಕದ ಸಂಘವಿತ್ತು. ಅದರಲ್ಲಿ ಹೆಣ್ಣುಪಾತ್ರಗಳೆಲ್ಲ ನನ್ನವು. ಮೈ ತೆಳ್ಳಗಿತ್ತು, ದನಿ ಸಣ್ಣಗಿತ್ತು, ಮೂಗಿನ ಕೆಳಗೆ ಬೆಳೆದದ್ದೂ ಕಡಿಮೆ. ಒಮ್ಮೆ ನ್ಯಾಮತಿಯಿಂದ ನಾಟಕ ನೋಡಲು ಬಂದ ಯಜಮಾನರೊಬ್ಬರು ನನ್ನನ್ನು ಸೀರೆಯಲ್ಲಿ ಕಂಡು, ಈ ಹುಡುಗಿ ಯಾರ ಮನೆಯವಳು, ಜಾತಕ ಇದೆಯೇ ಎಂದು ವಿಚಾರಿಸಿದ್ದರು. ಆ ಒಂದು ವಿಚಾರಣೆಯ ಬಲದ ಮೇಲೆ ನಾನು ನಾಲ್ಕು ವರ್ಷ ತಲೆ ಎತ್ತಿ ತಿರುಗಿದೆ.

ಸಂಘದ ಹಿರಿಯರು ನಿವೃತ್ತ ಹೆಡ್‌ಮಾಸ್ಟರು. ಮಿಡ್ಲ್‌ಸ್ಕೂಲಿನಲ್ಲಿ ಇಂಗ್ಲೆಂಡಿನ ಚರಿತ್ರೆ ಹೇಳಿ ಹೇಳಿ ಅವರಿಗೆ ಆ ದೇಶದ ರಾಜರೆಲ್ಲ ಅಕ್ಕಪಕ್ಕದ ಮನೆಯವರಂತೆ ಆಗಿಹೋಗಿದ್ದರು. ಆ ವರ್ಷ ಅವರು, ಪುರಾಣದ ನಾಟಕ ಸಾಕು, ನಾನೇ ಒಂದು ನಾಟಕ ಬರೆದಿದ್ದೇನೆ ಎಂದರು. ನಮ್ಮನ್ನೆಲ್ಲ ಕೂರಿಸಿಕೊಂಡು ಕಥೆ ಹೇಳಿದರು.

ನಾಲ್ಕು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ರಾಜನಿದ್ದ, ಆರು ಮದುವೆಯಾದವನು. ಅವನ ತಾಯಿಗೆ ಚಿಕ್ಕಪ್ಪನ ಮಗಳೊಬ್ಬಳಿದ್ದಳು. ನಮ್ಮ ಲೆಕ್ಕದಲ್ಲಿ ರಾಜನಿಗೆ ಚಿಕ್ಕಮ್ಮ. ಮೈಯಲ್ಲಿ ಹರಿಯುವುದು ಪೂರಾ ರಾಜರಕ್ತ, ಅದೇ ಅವಳ ದುರದೃಷ್ಟ. ಅವಳ ಅಪ್ಪನನ್ನು ಹೆಂಡದ ಪೀಪಾಯಿಯಲ್ಲಿ ಮುಳುಗಿಸಿ ಕೊಂದರಂತೆ. ತಮ್ಮನನ್ನು ಹುಡುಗನಾಗಿದ್ದಾಗಲೇ ಕೋಟೆಯಲ್ಲಿ ಕೂಡಿಹಾಕಿ, ಪ್ರಾಯಕ್ಕೆ ಬಂದಮೇಲೆ ತಲೆ ತೆಗೆದರು. ಮುಂದೆ ಸಿಂಹಾಸನ ಕೇಳಿಯಾನು ಎಂಬ ಭಯಕ್ಕೆ. ಅವಳನ್ನು ಒಬ್ಬ ಸಾಧಾರಣ ಸರದಾರನಿಗೆ ಕೊಟ್ಟು ಮದುವೆ ಮಾಡಿದರು. ಅವನೂ ಬೇಗ ಸತ್ತ, ಮಕ್ಕಳು ಐವರು. ಹೊಸದಾಗಿ ಪಟ್ಟಕ್ಕೆ ಬಂದ ಈ ಆರು ಮದುವೆಯ ರಾಜ ಮೊದಲು ಚಿಕ್ಕಮ್ಮನ ಮೇಲೆ ಮಮತೆ ತೋರಿಸಿ, ಕಳೆದುಹೋದ ಸೀಮೆ ವಾಪಸು ಕೊಟ್ಟು, ಕೌಂಟೆಸ್ ಎಂಬ ಬಿರುದು ಕೊಟ್ಟು, ತನ್ನ ಮಗಳನ್ನು ಸಾಕುವ ಕೆಲಸಕ್ಕೆ ಇಟ್ಟ. ಆಮೇಲೆ ಮೊದಲನೇ ಹೆಂಡತಿಯನ್ನು ಬಿಟ್ಟಾಗ, ರಾಜಕುಮಾರಿಯ ಒಡವೆ ತಂದುಕೊಡು ಎಂದು ಹೇಳಿಕಳಿಸಿದ. ಅವಳು ಕೊಡುವುದಿಲ್ಲ ಎಂದಳು. ಪರದೇಶದಲ್ಲಿದ್ದ ಅವಳ ಮಗ ರಾಜನನ್ನು ಬೈದು ಬರೆದ. ಆ ಮಗ ಕೈಗೆ ಸಿಗಲಿಲ್ಲ. ಊರಲ್ಲಿದ್ದ ಹಿರಿಯ ಮಗ ಸಿಕ್ಕ, ಅವನ ತಲೆ ತೆಗೆದರು. ಆಮೇಲೆ ಮುದುಕಿ ಸಿಕ್ಕಳು. ಅವಳ ಪೆಟ್ಟಿಗೆಯಲ್ಲಿ ದಂಗೆಯವರ ಗುರುತಿನ ಒಂದು ಕಸೂತಿಯ ಅಂಗಿ ಸಿಕ್ಕಿತೆಂದು, ಅದೇ ರಾಜದ್ರೋಹದ ಸಾಕ್ಷಿಯೆಂದು ಕೋಟೆಗೆ ಹಾಕಿದರು.

"ಒಂದು ಅಂಗಿ ಸಾಕಾತ್ರೀ ತಲೆ ತೆಗೆಯಾಕೆ?" ಎಂದು ಪಕ್ಕದಲ್ಲಿ ಕೂತಿದ್ದ ಶೆಟ್ಟರು ಕೇಳಿದರು.

"ತಲೆ ತೆಗೀಬೇಕು ಅಂತ ಮೊದಲೇ ತೀರ್ಮಾನ ಆದಮ್ಯಾಲೆ ಅಂಗಿನೂ ಸಾಕು, ಗುಂಡೀನೂ ಸಾಕು," ಎಂದರು ಹೆಡ್‌ಮಾಸ್ಟರು.

ಕೋಟೆಯಲ್ಲಿ ಚಳಿಯೆಂದು ರಾಜ ಅವಳಿಗೆ ತುಪ್ಪಳದ ಹೊಸ ಬಟ್ಟೆ ಹೊಲಿಸಿಕೊಟ್ಟು, ಕೆಲವೇ ತಿಂಗಳಿಗೆ ತಲೆ ಕಡಿಯಲು ಹೇಳಿದ. ಹೊಲಿಗೆ ದಂಡವಾಯಿತಲ್ಲ ಎಂದು ನನ್ನಂಥ ಜವಳಿಯವನಿಗೆ ಅನ್ನಿಸಿತು. ಆಗ ಅವಳಿಗೆ ಅರವತ್ತೇಳು ದಾಟಿತ್ತು. ಕೊರಡಿನ ಮೇಲೆ ತಲೆಯಿಡು ಎಂದರೆ, ತಲೆ ಬಗ್ಗಿಸಲು ನಾನು ದ್ರೋಹಿಯಲ್ಲ ಎಂದು ಹಟ ಹಿಡಿದಳಂತೆ. ಕೊಡಲಿಯವನು ಅವಳನ್ನು ಅಟ್ಟಿಸಿಕೊಂಡು ಹೋಗಬೇಕಾಯಿತಂತೆ. ಇದು ನಿಜವೋ ಜನ ಕಟ್ಟಿದ್ದೋ ಗೊತ್ತಿಲ್ಲ, ಆದರೆ ನಾಟಕಕ್ಕೆ ಇದನ್ನು ಬಿಡುವುದಿಲ್ಲ ಎಂದರು ಹೆಡ್‌ಮಾಸ್ಟರು. ಅವಳು ರಂಗದ ಸುತ್ತ ಓಡಿ, ಕೊನೆಗೆ ನಿಂತು, ನಿಂತಲ್ಲೇ ಒಂದು ಮಾತನಾಡುತ್ತಾಳೆ. ಅದೇ ನಾಟಕದ ಕೊನೆಯ ಮಾತು.

ನಾನು ಆಗಲೇ ಮನಸ್ಸಿನಲ್ಲಿ ಆ ಗೌನಿಗೆ ಬಟ್ಟೆ ಆರಿಸುತ್ತಿದ್ದೆ. ಹೆಡ್‌ಮಾಸ್ಟರು ನನ್ನ ಕಡೆ ನೋಡಿ, ನಿನಗೆ ಸೊಂಟ ಕುಣಿಸುವುದು ಬಿಟ್ಟು ಬೇರೇನೂ ಬರುವುದಿಲ್ಲ, ಇವಳು ಮುದುಕಿ, ತೂಕ ಬೇಕು ಎಂದು ಹೇಳಿ, ಕೌಂಟೆಸ್ಸಿನ ಪಾತ್ರವನ್ನು ಶೆಟ್ಟರಿಗೆ ಕೊಟ್ಟುಬಿಟ್ಟರು.

ಈ ಶೆಟ್ಟರು ಯಾರೆಂದು ಹೇಳಬೇಕು. ಜಗಳೂರು ಕಡೆಯ ಸೊಕ್ಕೆ ಎಂಬ ಊರಿನವರು. ಹೊನ್ನಾಳಿಗೆ ಬಂದು ಒಣಮೆಣಸಿನಕಾಯಿ ಮಂಡಿ ಇಟ್ಟಿದ್ದರು. ವಯಸ್ಸು ಐವತ್ತು ದಾಟಿತ್ತು. ಸಂಘದಲ್ಲಿ ಮೊದಲಿನಿಂದಲೂ ಪರದೆ ಎಳೆಯುವವರು ಅವರೇ. ಒಂದು ಪಾತ್ರವನ್ನೂ ಮಾಡಿದವರಲ್ಲ, ಆದರೆ ಎಲ್ಲರ ಮಾತೂ ಬಾಯಿಗೆ ಬರುತ್ತಿತ್ತು. ನಾವು ಮರೆತರೆ ಪರದೆಯ ಹಗ್ಗ ಹಿಡಿದುಕೊಂಡೇ ಎತ್ತಿಕೊಡುತ್ತಿದ್ದರು. ಮೆಣಸಿನಕಾಯಿಯ ಘಾಟಿಗೆ ಅವರ ಕಣ್ಣು ಯಾವಾಗಲೂ ಒದ್ದೆ, ಹಾಗಾಗಿ ದುಃಖದ ಪಾತ್ರಕ್ಕೆ ಅರ್ಧ ತಯಾರಿಯಲ್ಲೇ ಇದ್ದರು. ಹೆಡ್‌ಮಾಸ್ಟರು ಪರೀಕ್ಷೆಗೆಂದು ಆ ಕೊನೆಯ ಮಾತನ್ನು ಓದಿಸಿದರು. ಶೆಟ್ಟರು ಎದ್ದು ನಿಂತು ಓದಿದರು.

"ನನ್ನ ಅಪ್ಪನ ತಲೆ ತೆಗೆದುಕೊಂಡಿರಿ, ತಮ್ಮನ ತಲೆ ತೆಗೆದುಕೊಂಡಿರಿ, ಮಗನ ತಲೆ ತೆಗೆದುಕೊಂಡಿರಿ. ನನ್ನದೂ ಬೇಕಾದರೆ ನಿಂತ ಹಾಗೆಯೇ ತೆಗೆದುಕೊಳ್ಳಿ. ಬಗ್ಗಿಸಿ ಕೊಡುವುದಿಲ್ಲ."

ಪೀಪಾಯಿಯಲ್ಲಿ ಮುಳುಗಿಸಿದವನ ತಲೆ ಹೇಗೆ ತೆಗೆದರು ಎಂದು ಕೇಳುವ ಮನಸ್ಸು ನನಗಿತ್ತು, ಆದರೆ ನನ್ನ ಮೈಯಲ್ಲೂ ಜುಮ್ಮೆಂದಿತ್ತು. ಶೆಟ್ಟರು ಕಾಗದ ಮಡಚುತ್ತಾ, "ಈ ಒಂದು ಮಾತು ಜನದ ಮುಂದೆ ಆಡಿಬಿಟ್ರೆ ಸಾಕು ನೋಡ್ರಿ, ಮತ್ತೆ ಪರದೆ ಎಳಕೊಂಡು ಇರ್ತೀನಿ," ಎಂದರು. ಅವರಿಗೆ ಬೇಕಾದದ್ದು ಅಷ್ಟೇ. ಅದು ನಮಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು.

ನನಗೆ ಕೊಟ್ಟದ್ದು ಕೊಡಲಿಯವನ ಪಾತ್ರ. ಮಾತಿಲ್ಲ, ಹಾಡಿಲ್ಲ. ಮುಖಕ್ಕೆ ಕಪ್ಪು ಬಟ್ಟೆ, ಕಣ್ಣಿಗೆ ಎರಡು ತೂತು. ಜಾತಕ ಕೇಳಿಸಿಕೊಂಡ ಮುಖ ಚೀಲದೊಳಗೆ ಹೋಯಿತು.

ಪರದೆಯ ಕಥೆಯನ್ನೂ ಇಲ್ಲೇ ಹೇಳುತ್ತೇನೆ. ಯುದ್ಧದ ಕಾಲದಲ್ಲಿ ಬಟ್ಟೆ ದುಬಾರಿ, ಅಷ್ಟಗಲ ಗೌನಿಗೆ ಬಟ್ಟೆ ಎಲ್ಲಿಂದ ತರುವುದು? ಸಂಘದ ಕೆಂಪು ಮಖಮಲ್ಲಿನ ಪರದೆಯನ್ನೇ ಕತ್ತರಿಸಿ ಹೊಲಿಸಿದೆವು. ಪರದೆಯ ನಡುವೆ ಒಂದು ದೊಡ್ಡ ಕಮಲದ ಹೂವಿತ್ತು. ದರ್ಜಿ ಎಷ್ಟು ತಿರುಗಿಸಿ ಮುರುಗಿಸಿ ಹೊಲಿದರೂ ಆ ಕಮಲ ಕೌಂಟೆಸ್ಸಿನ ಹಿಂಭಾಗಕ್ಕೇ ಬಂದು ಕೂತಿತು. ಎಷ್ಟೋ ವರ್ಷ ತಾವೇ ಎಳೆದ ಪರದೆಯನ್ನು ಶೆಟ್ಟರು ಮೈಮೇಲೆ ಹಾಕಿಕೊಂಡು ನಿಂತರು. ದೃಶ್ಯ ಮುಗಿದಾಗ ಪರದೆಯ ಬದಲು ಇಬ್ಬರು ಜಮಖಾನ ಹಿಡಿಯುವುದೆಂದು ತೀರ್ಮಾನವಾಯಿತು. ಸೀಮೆಎಣ್ಣೆ ಇಲ್ಲದ್ದರಿಂದ ನಾಟಕ ಭಾನುವಾರ ಮಧ್ಯಾಹ್ನ, ಶಾಲೆಯ ಹಾಲಿನಲ್ಲಿ.

ಉಳಿದದ್ದು ಮೀಸೆ. ಶೆಟ್ಟರ ಮೀಸೆ ಸಣ್ಣದಲ್ಲ. ಎರಡು ಕಡೆಯೂ ಕೆನ್ನೆಗೆ ಹತ್ತಿ ತಿರುಗಿತ್ತು. ದೀಪದ ಬೆಳಕಿನಲ್ಲಾದರೆ ಬಣ್ಣ ಬಳಿದು ದಾಟಿಸಬಹುದಿತ್ತು. ಹಗಲಿನಲ್ಲಿ ಬಿಳಿ ಬಣ್ಣ ಬಳಿದು ನೋಡಿದೆವು, ಇಲಿ ಹಿಟ್ಟಿನ ಡಬ್ಬಿಗೆ ಬಿದ್ದ ಹಾಗೆ ಕಂಡಿತು. ತೆಗೆಸದೆ ವಿಧಿಯಿರಲಿಲ್ಲ. ಆದರೆ ನಮ್ಮ ಕಡೆ ಅಪ್ಪ ಬದುಕಿರುವ ತನಕ ಮಗ ಮೀಸೆ ತೆಗೆಸುವುದಿಲ್ಲ. ಅಪ್ಪ ಹೋದ ದಿನವೇ ತೆಗೆಸುವುದು. ಬೋಳು ತುಟಿ ಕಂಡರೆ ಯಾರೂ ಏನೂ ಕೇಳಬೇಕಾಗಿಲ್ಲ, ಸುದ್ದಿ ಮುಖದ ಮೇಲೇ ಇರುತ್ತದೆ. ನನ್ನ ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರಿಂದ ನನ್ನ ತುಟಿಗೆ ನಾನೇ ಯಜಮಾನ. ಶೆಟ್ಟರ ಅಪ್ಪನೋ, ಎಂಬತ್ತು ದಾಟಿದರೂ ಸೊಕ್ಕೆಯಲ್ಲಿ ದಿನಾ ಹೊಲಕ್ಕೆ ನಡೆದು ಹೋಗಿ ಬರುತ್ತಿದ್ದ ಗಟ್ಟಿಗ.

ಶೆಟ್ಟರು ಯೋಚನೆ ಮಾಡಿ ಮಾಡಿ ಕೊನೆಗೆ ಗುಟ್ಟಾಗಿ ತೆಗೆಸಲು ಒಪ್ಪಿದರು. ದೀಪಾವಳಿಗೆ ಅಪ್ಪನ ಮುಂದೆ ಹೋಗುವುದರೊಳಗೆ ಬೆಳೆದಿರುತ್ತದೆ, ಯಾರೂ ಬಾಯಿ ಬಿಡಬೇಡಿ ಎಂದು ನಮ್ಮೆಲ್ಲರಿಂದ ಆಣೆ ಹಾಕಿಸಿಕೊಂಡರು. ನಾನೂ ಹಾಕಿದೆ. ಹೊನ್ನಾಳಿಯ ಕ್ಷೌರಿಕ ಮಾತ್ರ, ಯಾರು ಹೋದರೆಂದು ಹೇಳದಿದ್ದರೆ ಕತ್ತಿ ತೆಗೆಯುವುದಿಲ್ಲ ಎಂದು ಕೂತ. ಆದ್ದರಿಂದ ಗುರುತಿಲ್ಲದ ಊರಾಗಲಿ ಎಂದು ನ್ಯಾಮತಿಗೆ ಹೊರಟರು. ಜೊತೆಗೆ ನನ್ನನ್ನು ಕರೆದುಕೊಂಡರು. ನ್ಯಾಮತಿಯ ಕ್ಷೌರಿಕ ಏನೂ ಕೇಳಲಿಲ್ಲ. ಕೇಳದೆಯೇ ದುಃಖ ತಿಳಿದವನಂತೆ ನಿಟ್ಟುಸಿರು ಬಿಟ್ಟು, ಶೆಟ್ಟರ ಬೆನ್ನು ಸವರಿ, ತನ್ನ ಅಪ್ಪ ಹೋದ ಕಥೆಯನ್ನೆಲ್ಲ ಹೇಳಿ ಅತ್ತ. ಅವನನ್ನು ಸಮಾಧಾನ ಮಾಡುವ ಕೆಲಸ ಶೆಟ್ಟರಿಗೇ ಬಂತು.

ವಾಪಸು ಬರುವಾಗ ಹಲ್ಲುನೋವು ಬಂದವರ ಹಾಗೆ ಬಾಯಿಗೆ ವಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಕುಳಿತರು. ಆಗಿನ ಬಸ್ಸು ಇದ್ದಿಲಿನ ಗ್ಯಾಸಿನಲ್ಲಿ ಓಡುವುದು. ಏರು ಬಂದರೆ ನಿಲ್ಲುತ್ತಿತ್ತು, ಎಲ್ಲರೂ ಇಳಿದು ತಳ್ಳಬೇಕು. ಒಂದು ಏರಿನಲ್ಲಿ ತಳ್ಳುತ್ತಿರುವಾಗ ಶೆಟ್ಟರ ವಲ್ಲಿ ಜಾರಿತು. ಪಕ್ಕದಲ್ಲಿ ತಳ್ಳುತ್ತಿದ್ದವರು ಚನ್ನಗಿರಿಯವರು. ಶೆಟ್ಟರ ತಂಗಿಯನ್ನು ಕೊಟ್ಟ ಬೀದಿಯಲ್ಲೇ ಅವರ ಮನೆ. ಅವರು ಶೆಟ್ಟರ ತುಟಿ ನೋಡಿದರು, ಮಾತಾಡಿಸಲಿಲ್ಲ. ಬಸ್ಸು ಹೊರಟ ಮೇಲೆ ನನ್ನ ಪಕ್ಕ ಬಂದು ಕೂತು, ಕಿವಿಯ ಹತ್ತಿರ ಮೆಲ್ಲಗೆ ಕೇಳಿದರು.

"ತಂದೆಯವರಾ?"

ಇಲ್ಲ ಎನ್ನಲು ಒಂದು ಮಾತು ಸಾಕಾಗಿತ್ತು. ನಾಟಕಕ್ಕೆ ತೆಗೆಸಿದ್ದಾರೆ, ಯಾರಿಗೂ ಹೇಳಬೇಡಿ ಎಂದಿದ್ದರೆ ಅವರು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ನನ್ನ ತೊಡೆಯ ಮೇಲೆ ಆ ಕಪ್ಪು ಚೀಲ ಇತ್ತು. ಕಣ್ಣಿನ ತೂತು ಸರಿಯಾಗಿಲ್ಲವೆಂದು ನ್ಯಾಮತಿಯ ದರ್ಜಿಗೆ ತೋರಿಸಿ ತಂದಿದ್ದೆ. ಅದನ್ನು ನೋಡಿದೆ. ಮುಂದಿನ ಸೀಟಿನಲ್ಲಿ ಶೆಟ್ಟರು ವಲ್ಲಿಯೊಳಗೇ ತುಟಿ ಆಡಿಸುತ್ತಾ ಆ ಕೊನೆಯ ಮಾತನ್ನು ಅಭ್ಯಾಸ ಮಾಡುತ್ತಿದ್ದರು. ಅದನ್ನೂ ನೋಡಿದೆ. ನಾನು ತಲೆ ಬಗ್ಗಿಸಿದೆ, ಅಷ್ಟೇ. ಚೆನ್ನಾಗಿ, ನಿಧಾನವಾಗಿ ಬಗ್ಗಿಸಿದೆ. ನನ್ನ ಜೀವನದಲ್ಲಿ ನಾನು ಅಷ್ಟು ಒಳ್ಳೆಯ ಅಭಿನಯ ಮತ್ತೆ ಮಾಡಲಿಲ್ಲ.

ಅವರು ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ಸಾಸ್ವೆಹಳ್ಳಿಯ ಮೇಲೆ ಚನ್ನಗಿರಿಗೆ ಹೋದರು. ಸುದ್ದಿಯೂ ಅವರ ಜೊತೆ ಟಿಕೆಟ್ಟಿಲ್ಲದೆ ಹೋಯಿತು. ಬಸ್ಸಿನಲ್ಲಿ ತಿಳಿಯಿತು ಎಂದಷ್ಟೇ ಅವರು ಬೀದಿಯಲ್ಲಿ ಹೇಳಿದರಂತೆ, ನನ್ನ ಮಾತು ಎತ್ತಲಿಲ್ಲ. ಮುಂದೆ ನಡೆದದ್ದನ್ನು ಶೆಟ್ಟರ ತಂಗಿಯೇ ಆಮೇಲೆ ನನಗೆ ಹೇಳಿದ್ದು. ಆಕೆ ಚನ್ನಗಿರಿಯಿಂದ ಸೊಕ್ಕೆಯವರೆಗೆ ದಾರಿಯುದ್ದಕ್ಕೂ ಅಳುತ್ತಾ ಹೋದಳು. ಅಣ್ಣ ತನಗೆ ಹೇಳಿಕಳಿಸಲಿಲ್ಲವಲ್ಲ ಎಂಬ ಸಂಕಟ ಬೇರೆ. ಮನೆಯ ಮುಂದೆ ಜನವಿಲ್ಲ. ಜಗಲಿಯ ಮೇಲೆ ಅಪ್ಪ ಕೂತು ಶೇಂಗಾ ಸುಲಿಯುತ್ತಿದ್ದಾನೆ. ಆಕೆ ಕಣ್ಣು ತುಂಬ ನೀರು ತುಂಬಿಕೊಂಡು ಅಪ್ಪನನ್ನೇ ತಬ್ಬಿಕೊಂಡು, ಅಪ್ಪಾ ಹೋಗಿಬಿಟ್ಯಾ ಎಂದು ಅತ್ತಳು.

"ಎಲ್ಲಿಗೆ?" ಎಂದನಂತೆ ಮುದುಕ.

ನೀನು ಸತ್ತೆಯೆಂದು ಹೊನ್ನಾಳಿಯಲ್ಲಿ ಅಣ್ಣ ಮೀಸೆ ತೆಗೆಸಿದ್ದಾನೆ ಎಂದಳು. ಮುದುಕ ಸ್ವಲ್ಪ ಹೊತ್ತು ಶೇಂಗಾ ಅಗಿದು ಯೋಚನೆ ಮಾಡಿ, "ನನಗೆ ಯಾರೂ ಹೇಳ್ಳೇ ಇಲ್ಲವಲ್ಲವ್ವ," ಎಂದನಂತೆ. ಆಮೇಲೆ ಎದ್ದು, ರುಮಾಲು ಸುತ್ತಿಕೊಂಡು, ನಡಿ, ನನ್ನನ್ನು ಯಾಕೆ ಕೊಂದ ಎಂದು ಅವನನ್ನೇ ಕೇಳಿಬರೋಣ ಎಂದು ಹೊರಟ.

ಭಾನುವಾರ ಶಾಲೆಯ ಹಾಲ್ ತುಂಬಿತ್ತು. ಸುದ್ದಿ ಮುಟ್ಟಿದ ಮಂಡಿ ವರ್ತಕರಿಬ್ಬರು ಚನ್ನಗಿರಿಯಿಂದ ದುಃಖ ಹೇಳಲು ಬಂದಿದ್ದರು. ಮನೆಯಲ್ಲಿ ಇಲ್ಲ, ಶಾಲೆಯಲ್ಲಿದ್ದಾರೆ ಎಂದು ಕೇಳಿ ಅಲ್ಲಿಗೇ ಬಂದು, ಮುಂದಿನ ಬೆಂಚಿನಲ್ಲಿ ಮುಖ ಇಳಿಬಿಟ್ಟು ಕೂತರು. ಅಪ್ಪ ಸತ್ತವನು ಕೆಂಪು ಗೌನು ಹಾಕಿಕೊಂಡು, ಹಿಂದೆ ಕಮಲ ಇಟ್ಟುಕೊಂಡು ಬಂದದ್ದನ್ನು ಕಂಡು ಅವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಶೆಟ್ಟರು ಮಾತ್ರ ಚೆನ್ನಾಗಿ ಮಾಡುತ್ತಿದ್ದರು. ಒಡವೆ ಕೊಡುವುದಿಲ್ಲ ಎನ್ನುವಾಗ ಹೆಂಗಸರ ಕಡೆಯಿಂದ, ಕೊಡಬ್ಯಾಡ್ರವ್ವ ಎಂಬ ದನಿ ಬಂತು. ಪೆಟ್ಟಿಗೆಯಿಂದ ಅಂಗಿ ತೆಗೆದಾಗ ಜನ ರಾಜನ ಪಾತ್ರದವನಿಗೆ ಬೈದರು. ಚೀಲದೊಳಗೆ ನಾನು ಬೆವರುತ್ತಿದ್ದೆ.

ಕೊನೆಯ ದೃಶ್ಯ ಬಂತು. ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ಅಂಟಿಸಿದ ಮರದ ಕೊಡಲಿ ಎತ್ತಿಕೊಂಡು ನಾನು ಬಂದೆ. ಕೌಂಟೆಸ್ಸಮ್ಮ ಕೊರಡಿಗೆ ಬೆನ್ನು ತಿರುಗಿಸಿ ಓಡಿದಳು, ನಾನು ಅಟ್ಟಿದೆ. ಒಂದು ಸುತ್ತಿಗೆ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ಎರಡನೆಯ ಸುತ್ತಿಗೆ ಇನ್ನೂ ಜೋರಾಗಿ ಓಡಿದಳು. ಪಾತ್ರದಲ್ಲಿ ಮುಳುಗಿದ್ದಾರೆ ಎಂದು ನಾನೂ ಓಡಿದೆ. ಆಮೇಲೆ ನನ್ನ ಹಿಂದೆ ಮತ್ತೊಬ್ಬರ ಹೆಜ್ಜೆ ಕೇಳಿಸಿತು. ತಿರುಗಿದರೆ ತೂತಿನಲ್ಲಿ ಕಂಡದ್ದು ದೊಡ್ಡದೊಂದು ರುಮಾಲು. ಬಾಗಿಲಲ್ಲಿ ಅಪ್ಪನನ್ನು ಕಂಡೇ ಶೆಟ್ಟರು ಓಡುತ್ತಿದ್ದದ್ದು. ಮಗನ ಹಿಂದೆ ಕೊಡಲಿ ಹಿಡಿದು ಓಡುವವನನ್ನು ಕಂಡು ಅಪ್ಪ ರಂಗ ಹತ್ತಿದ್ದ. ಇಂಗ್ಲೆಂಡಿನ ಮುದುಕಿಯೂ ಸೊಕ್ಕೆಯ ಮುದುಕನೂ ನಡುವೆ ನಾನೂ ಸುತ್ತು ಹೊಡೆಯುತ್ತಿರುವಾಗ ಜನ ಒನ್ಸ್‌ಮೋರ್ ಎಂದು ಕೂಗಿದರು. ಜಮಖಾನ ಹಿಡಿಯಬೇಕಾದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇಳಿಸೋಣವೆಂದರೆ ಪರದೆ ಶೆಟ್ಟರ ಮೈಮೇಲಿತ್ತು.

ಮುದುಕ ಮೊದಲು ನನ್ನನ್ನು ಹಿಡಿದ. "ನನ್ ಮಗನ ಮ್ಯಾಲೆ ಕೊಡ್ಲಿ ಎತ್ತೀಯೇನಲೇ? ಇಡು ಕೆಳಗೆ." ಇಟ್ಟೆ. ಆಮೇಲೆ ಮಗನ ಕಡೆ ತಿರುಗಿದ. "ಮೀಸೆ ಎಲ್ಲೈತಪ್ಪ?"

ಶೆಟ್ಟರು ಕೈಯಿಂದ ತುಟಿ ಮುಚ್ಚಿಕೊಂಡರು. ಹೆಡ್‌ಮಾಸ್ಟರು ಓಡಿಬಂದು, ಇದು ಚರಿತ್ರೆ, ಈಕೆ ರಾಜನ ಚಿಕ್ಕಮ್ಮ, ಈಕೆಯನ್ನು ಅನ್ಯಾಯವಾಗಿ ಕೊಲ್ಲುತ್ತಿದ್ದಾರೆ ಎಂದು ವಿವರಿಸಿದರು.

"ಚಿಕ್ಕಮ್ಮನ್ನ ಕೊಲ್ಲೋ ನಾಟ್ಕಕ್ಕೆ ನನ್ನ ಯಾಕ್ರೀ ಕೊಂದ್ರಿ?" ಎಂದ ಮುದುಕ. ಸೂರು ಹಾರಿಹೋಗುವಂತೆ ಜನ ನಕ್ಕರು. ಮುಂದಿನ ಬೆಂಚಿನ ವರ್ತಕರು ಎದ್ದು ನಿಂತು, ಸತ್ತವನಿಗೆ ನಮಸ್ಕಾರ ಮಾಡಿದರು.

ನಗು ಇಳಿದ ಮೇಲೆ ಶೆಟ್ಟರು ಮೆಲ್ಲಗೆ, "ಅಪ್ಪಾಜಿ, ಒಂದು ಮಾತು ಉಳದೈತೆ. ಆಡಿ ಬಂದುಬಿಡ್ತೀನಿ," ಎಂದರು.

"ನಾನು ಸತ್ತೆ ಅಂತ ಊರೂರಿಗೆ ಸುದ್ದಿ ಬಿಟ್ಟಮ್ಯಾಲೆ ಇನ್ನೇನು ಮಾತು ಉಳದೈತೆ?"

"ಸುದ್ದಿ ನಾ ಬಿಟ್ಟಿಲ್ಲ."

"ಮತ್ಯಾರು ಬಿಟ್ರು?"

ಶೆಟ್ಟರು ನಮ್ಮನ್ನೆಲ್ಲ ಒಮ್ಮೆ ನೋಡಿದರು. ನಾನು ಅವರಿಗೆ ಒಂದು ಮಾರು ದೂರದಲ್ಲಿ, ಚೀಲದೊಳಗೆ ನಿಂತಿದ್ದೆ. ಚೀಲ ತೆಗೆದು, ನಾನು ಎಂದಿದ್ದರೆ ಮುದುಕ ನನಗೊಂದು ಬಾರಿಸಿ, ಮಗನಿಗೆ ಮಾತಾಡಲು ಬಿಡುತ್ತಿದ್ದ. ಆತ ಅಂಥವನೇ ಎಂದು ಆಮೇಲೆ ತಿಳಿಯಿತು. ಆ ಚೀಲದ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ, ಆ ಗಳಿಗೆಯಲ್ಲಿ ಅದರೊಳಗೆ ಅಷ್ಟೇ ಸುಖವಾಗಿತ್ತು. ನಾನು ಚೀಲ ತೆಗೆಯಲಿಲ್ಲ. ಅಪ್ಪನ ಕಣ್ಣಿನಲ್ಲಿ ಮಗನೇ ಸುಳ್ಳುಗಾರನಾದ. "ನಡಿ ಮನಿಗೆ," ಎಂದ ಮುದುಕ. ಬಗ್ಗಿಸುವುದಿಲ್ಲ ಎಂಬ ಮಾತನ್ನು ತಿಂಗಳುಗಟ್ಟಲೆ ಕಲಿತಿದ್ದ ಶೆಟ್ಟರು ತಲೆ ಬಗ್ಗಿಸಿ ರಂಗದಿಂದ ಇಳಿದರು. ಬಟ್ಟೆ ಬದಲಿಸಲೂ ನಿಲ್ಲಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆಗೆ ಮುಂದೆ ರುಮಾಲು, ಹಿಂದೆ ಕೆಂಪು ಗೌನು. ಆ ಕಮಲ ಅಲ್ಲಾಡುತ್ತಾ ಅಲ್ಲಾಡುತ್ತಾ ದೂರವಾಯಿತು. ಬೀದಿಯ ಹುಡುಗರೆಲ್ಲ ಕೌಂಟೆಸ್ಸಮ್ಮ, ಕೌಂಟೆಸ್ಸಮ್ಮ ಎಂದು ಹಿಂದೆ ಹೋದರು. ನಾನೂ ನಕ್ಕೆ. ನಕ್ಕದ್ದನ್ನೂ ಬರೆಯಬೇಕು.

ಮೀಸೆ ಬೆಳೆಯುವ ತನಕ ಕಣ್ಣೆದುರಿಗೇ ಇರು ಎಂದು ಅಪ್ಪ ಮಗನನ್ನು ಇಟ್ಟುಕೊಂಡ. ಮೀಸೆ ಬೆಳೆಯಿತು, ಶೆಟ್ಟರು ಹೊನ್ನಾಳಿಗೆ ಬರಲಿಲ್ಲ. ಮಂಡಿಯನ್ನು ಜಗಳೂರಿಗೆ ಸಾಗಿಸಿದರು. ಪರದೆಯೂ ಅವರ ಜೊತೆ ಹೋದದ್ದರಿಂದ ಸಂಘವೂ ನಿಂತಿತು. ಹೆಡ್‌ಮಾಸ್ಟರು ಬೇರೆ ಯಾರನ್ನಾದರೂ ಹಾಕಿ ಮತ್ತೆ ಆಡಿಸೋಣವೆನ್ನಲಿಲ್ಲ. ನಾನೇ ಒಮ್ಮೆ, ನಾನು ಮಾಡಲೇ ಎಂದು ಕೇಳಿದೆ. ಅವರು ನನ್ನನ್ನು ನೋಡಿ ಬೇರೆ ಮಾತು ತೆಗೆದರು.

ಸ್ವಾತಂತ್ರ್ಯ ಬಂದ ಮರುವರ್ಷ ಸೊಕ್ಕೆಯ ಮುದುಕ ನಿಜವಾಗಿಯೂ ತೀರಿಕೊಂಡ. ಈ ಸಲ ಸುದ್ದಿ ಬಂದಾಗ ಹೊನ್ನಾಳಿಯಲ್ಲಿ ಯಾರೂ ನಂಬಲಿಲ್ಲ. ಮೂರು ಜನ ಹೇಳಿದ ಮೇಲೆ ನಾನು ಹೊರಟೆ. ಶೆಟ್ಟರು ಅದೇ ಜಗಲಿಯ ಮೇಲೆ ಕೂತಿದ್ದರು. ತುಟಿ ಬೋಳಾಗಿತ್ತು, ಕಣ್ಣು ಒದ್ದೆ, ಹತ್ತಿರದಲ್ಲಿ ಮೆಣಸಿನಕಾಯಿ ಇರಲಿಲ್ಲ. ನನ್ನನ್ನು ಕಂಡು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಸುತ್ತ ಕೂತವರಿಗೆ ಕೇಳಿಸದ ಹಾಗೆ, "ಈಗ ಮೀಸೆ ಇಲ್ಲ ನೋಡಪ್ಪ. ಎಲ್ಲಾರ ನಾಟ್ಕ ಐತಾ?" ಎಂದರು.

ಸಂಘ ಇಲ್ಲ, ಹೆಡ್‌ಮಾಸ್ಟರಿಗೆ ಕಣ್ಣು ಕಾಣುವುದಿಲ್ಲ ಎಂದೆ. ಹೌದಾ ಎಂದರು. ಆ ಮಾತು ಇನ್ನೂ ನೆನಪಿದೆಯೇ ಎಂದು ನಾನು ಕೇಳಿದೆ. ಹೂಂ ಎಂದರು, ಆದರೆ ಹೇಳಲಿಲ್ಲ. ಜನದ ಮುಂದೆ ಆಡುವ ಮಾತನ್ನು ಸಾವಿನ ಮನೆಯ ಜಗಲಿಯಲ್ಲಿ ಹೇಗೆ ಆಡುತ್ತಾರೆ? ಸ್ವಲ್ಪ ಹೊತ್ತಾದ ಮೇಲೆ, "ಆವತ್ತು ಸುದ್ದಿ ಬಿಟ್ಟೋರು ಯಾರು ಅಂತ ನಿಂಗೇನಾರ ಗೊತ್ತಾತ? ನಮ್ಮಪ್ಪ ಕೊನಿತಂಕ ನಾನೇ ಅನಕೊಂಡಿದ್ದ," ಎಂದರು.

ಹೇಳಲೆಂದೇ ನಾನು ಅಷ್ಟು ದೂರ ಹೋಗಿದ್ದೆ. ಬಾಯಿ ತೆರೆದೆ. ಬಂದ ಮಾತು, "ಆ ಬಸ್ಸಿನ ಕಂಡಕ್ಟರ್ ಇರಬೇಕ್ರೀ."

"ಇರಬಹುದು," ಎಂದರು. "ಪಾಪ, ಅವಂಗೇನು ಗೊತ್ತು." ಒಳಗಿನಿಂದ ನನಗೆ ಚಹಾ ತರಿಸಿಕೊಟ್ಟರು. ಕುಡಿದೆ.

ಆಮೇಲೆ ಒಬ್ಬೊಬ್ಬರಿಗೇ ನಿಜ ಹೇಳುತ್ತಾ ಬಂದೆ. ಕಂಡಕ್ಟರಿಗೆ ಹೇಳಿದೆ, ಅವನು ಇದಕ್ಕಿಂತ ದೊಡ್ಡ ಅಪವಾದಗಳನ್ನು ಹೊತ್ತಿದ್ದೇನೆ ಬಿಡಿ ಎಂದು ಬೀಡಿ ಕೊಟ್ಟ. ಚನ್ನಗಿರಿಯ ತಂಗಿಗೆ ಹೇಳಿದೆ, ಆಕೆ ಮೊದಲು ಬೈದು ಆಮೇಲೆ ಮಜ್ಜಿಗೆ ಕೊಟ್ಟಳು, ಅಣ್ಣನಿಗೆ ನೀನೇ ಹೇಳು, ನಾನು ಹೇಳುವುದಿಲ್ಲ ಎಂದಳು. ಹೆಡ್‌ಮಾಸ್ಟರಿಗೆ ಹೇಳಿದಾಗ ಅವರು ಕಾಣದ ಕಣ್ಣನ್ನು ನನ್ನ ಕಡೆ ತಿರುಗಿಸಿ, ಗೊತ್ತಿತ್ತು ಎಂದರು. ಜಗಳೂರಿಗೆ ಮಾತ್ರ ಇವತ್ತು ಹೋಗುತ್ತೇನೆ, ಮುಂದಿನ ವಾರ ಹೋಗುತ್ತೇನೆ ಎಂದು ತಳ್ಳುತ್ತಾ ಬಂದೆ. ಇದ್ದಿಲಿನ ಬಸ್ಸು ಹೋಗಿ ಡೀಸೆಲ್ ಬಸ್ಸು ಬಂತು. ಏರಿನಲ್ಲಿ ನಿಲ್ಲುವುದೂ ನಿಂತಿತು, ನನಗೆ ಆ ನೆಪವೂ ಉಳಿಯಲಿಲ್ಲ. ಒಂದು ದಿನ ಅವರು ಹೋದ ಸುದ್ದಿ ಬಂತು, ಅವರ ಮಗ ಮೀಸೆ ತೆಗೆಸಿದ್ದನ್ನು ಯಾರೋ ಬಸ್ಸಿನಲ್ಲಿ ನೋಡಿದ್ದರು.

ಆ ಕೊನೆಯ ಮಾತು ನನಗೆ ಇವತ್ತಿಗೂ ಬಾಯಿಪಾಠ. ಅದನ್ನು ಜನದ ಮುಂದೆ ಆಡಬೇಕಾಗಿದ್ದವರು, ನಾನು ಕ್ಷಮೆ ಕೇಳದೆ ಉಳಿದವರು, ಜಗಳೂರಿನ ಒಣಮೆಣಸಿನಕಾಯಿ ಮಂಡಿಯ ಶೆಟ್ಟರು, ನಮ್ಮ ಹೊನ್ನಾಳಿಯ ಕೌಂಟೆಸ್ಸಮ್ಮ.